ಪಂಪು ಕೊಳ್ಳುವ ಮೊದಲು ಹನಿ ನೋಡಿ: ನಮ್ಮ ತೋಟ-ಗದ್ದೆಗೆ ಯಾವ ನಾಜಲ್?

ವರ್ಷದಲ್ಲಿ ಮೂರು ಸಲ ನನ್ನ ಫೋನಿಗೆ ಒಂದೇ ತರಹದ ಪ್ರಶ್ನೆ ಬರುತ್ತದೆ. ರೋಹಿಣಿ ಮಳೆ ಹತ್ತಿರವಾದಾಗ ಶಿರಸಿ, ಸಿದ್ದಾಪುರ ಕಡೆಯವರು ಕೇಳುತ್ತಾರೆ: ಅಡಿಕೆಯ ಕೊಳೆ ಮದ್ದಿಗೆ ಎಚ್‌ಟಿಪಿ (ಜೋರು ಒತ್ತಡದ ಪಂಪಿನ) ಗನ್ ಒಳ್ಳೆಯದಾ, ದೋಟಿ (ಉದ್ದ ಕೋಲು) ಒಳ್ಳೆಯದಾ? ನಾಟಿ ಮುಗಿದು ಒಂದೆರಡು ತಿಂಗಳಾದ ಮೇಲೆ ಕಾರವಾರ ಕಡೆಯವರು ಕೇಳುತ್ತಾರೆ: ಗದ್ದೆಗೆ ಡ್ರೋನ್ ಕರೆಸಲಾ? ಚಳಿಗಾಲದಲ್ಲಿ ಮಾವು ಹೂ ಬಿಟ್ಟಾಗ ಅಂಕೋಲೆಯವರ ಸರದಿ: ಬ್ಯಾಟರಿ ಪಂಪಿನ ಡಬ್ಬದಲ್ಲಿ ನಾಲ್ಕು ನಾಜಲ್ ಇವೆ, ಯಾವುದು ಹಾಕಲಿ?

ಮೂವರಿಗೂ ನಾನು ತಿರುಗಿ ಕೇಳುವುದು ಒಂದೇ. ನಿಮ್ಮ ಮದ್ದು ಎಷ್ಟು ದೊಡ್ಡ ಹನಿಯಾಗಿ ಬೀಳಬೇಕು? ಹೆಚ್ಚಿನವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಪಂಪಿನ ಲೀಟರು, ಎಂಜಿನ್ನಿನ ಎಚ್‌ಪಿ, ಬ್ಯಾಟರಿಯ ಆಂಪಿಯರ್ ಎಲ್ಲ ವಿಚಾರಿಸಿರುತ್ತಾರೆ. ಹನಿಯ ವಿಚಾರ ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ. ಆದರೆ ಮದ್ದು ಗಿಡಕ್ಕೆ ಮುಟ್ಟುವುದು ಹನಿಯಾಗಿಯೇ ಅಲ್ವಾ? ಆ ಹನಿಯನ್ನು ತಯಾರು ಮಾಡುವುದು ಪಂಪಿನ ತುದಿಯಲ್ಲಿರುವ ಬೆರಳುಗಾತ್ರದ ನಾಜಲ್.

ನನಗೆ ಇದು ತಿಳಿದದ್ದು ನಷ್ಟದಿಂದ. ಕೆಲವು ವರ್ಷದ ಹಿಂದೆ ತೋಟದ ಅಂಚಿಗೆ ಕಳೆ ಮದ್ದು ಹೊಡೆಯುವಾಗ, ಬೋರ್ಡೋ (ಮೈಲುತುತ್ತ, ಸುಣ್ಣದ ಕೊಳೆ ಮದ್ದು) ಹೊಡೆದ ಸಣ್ಣ ಹನಿಯ ಕೋನ್ ನಾಜಲ್ಲನ್ನೇ ಹಾಗೆಯೇ ಬಿಟ್ಟಿದ್ದೆ. ಬೆಳಗಿನ ಹೊತ್ತು, ಗಾಳಿ ಇಲ್ಲ ಅಂತ ಧೈರ್ಯ. ಹತ್ತು ದಿನ ಕಳೆಯುವುದರೊಳಗೆ ಪಕ್ಕದ ಸಾಲಿನ ಎರಡು ವರ್ಷದ ಕಾಳುಮೆಣಸಿನ ಬಳ್ಳಿಗಳ ಎಲೆ ಹಳದಿಯಾಗಿ ಮುರುಟಿದವು. ಹದಿನಾರು ಬಳ್ಳಿ ಹೋದವು. ಮದ್ದು ಸರಿಯಿತ್ತು, ಪ್ರಮಾಣವೂ ಸರಿಯಿತ್ತು. ಹನಿ ಸಣ್ಣದಾಗಿತ್ತು, ಅಷ್ಟೆ.

ಹಾಗಾಗಿ ಮೊದಲು ಹನಿಯ ವಿಚಾರ, ಆಮೇಲೆ ನಾಜಲ್, ಕೊನೆಗೆ ಪಂಪು.

ಸಣ್ಣ ಹನಿ, ದೊಡ್ಡ ಹನಿ

ಹನಿಯನ್ನು ಮೈಕ್ರಾನ್‌ನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 70ರಿಂದ 100 ಮೈಕ್ರಾನ್ ದಪ್ಪ. ಸಿಂಪಡಣೆಯಲ್ಲಿ ಸುಮಾರು 150ರಿಂದ 225 ಮೈಕ್ರಾನಿನದು ಸಣ್ಣ ಹನಿ, 325ರವರೆಗೆ ಮಧ್ಯಮ, ಅದರ ಮೇಲಿನದು ದೊಡ್ಡದು ಅಂತ ಇಟ್ಟುಕೊಳ್ಳಿ. ಯಾವ ನಾಜಲ್ಲೂ ಒಂದೇ ಅಳತೆಯ ಹನಿ ಬಿಡುವುದಿಲ್ಲ. 250 ಅಂತ ಹೇಳಿದರೆ, ಅರ್ಧ ನೀರು ಅದಕ್ಕಿಂತ ಸಣ್ಣ ಹನಿಗಳಲ್ಲಿದೆ, ಇನ್ನರ್ಧ ದೊಡ್ಡ ಹನಿಗಳಲ್ಲಿದೆ ಅಂತ ಅರ್ಥ. ಎಂಥ ನಾಜಲ್‌ನಲ್ಲೂ ಹಾರಿ ಹೋಗುವ ಪುಡಿ ಹನಿ ಸ್ವಲ್ಪ ಇದ್ದೇ ಇರುತ್ತದೆ. ಅದು ಎಷ್ಟು ಅನ್ನುವುದೇ ಪ್ರಶ್ನೆ.

ಸಣ್ಣ ಹನಿಯ ಲಾಭ ದೊಡ್ಡದು. ಹನಿಯ ಅಡ್ಡಳತೆ ಅರ್ಧ ಮಾಡಿದರೆ ಅಷ್ಟೇ ನೀರಿನಲ್ಲಿ ಎಂಟು ಪಟ್ಟು ಹನಿ ಸಿಗುತ್ತವೆ. 400 ಮೈಕ್ರಾನಿನ ಒಂದು ಹನಿಯನ್ನು ಒಡೆದರೆ 100 ಮೈಕ್ರಾನಿನ 64 ಹನಿ. ಎಲೆಯ ಮೇಲೆ ಒಂದು ಚುಕ್ಕೆ ಬೀಳುವ ಕಡೆ 64 ಚುಕ್ಕೆ ಬೀಳುತ್ತವೆ. ಬೋರ್ಡೋದಂಥ ಮದ್ದು ಗಿಡದೊಳಗೆ ಹೋಗುವುದಿಲ್ಲ, ಬಿದ್ದ ಜಾಗವನ್ನಷ್ಟೇ ಕಾಯುತ್ತದೆ. ಅಂಥದ್ದಕ್ಕೆ ಚುಕ್ಕೆಗಳು ಒತ್ತಾಗಿ ಬೀಳಲೇಬೇಕು.

ನಷ್ಟವೂ ಅಷ್ಟೇ ದೊಡ್ಡದು. ಹತ್ತು ಅಡಿ ಎತ್ತರದಿಂದ ನಿಂತ ಗಾಳಿಯಲ್ಲಿ 400 ಮೈಕ್ರಾನಿನ ಹನಿ ಎರಡು ಸೆಕೆಂಡಿನಲ್ಲಿ ಕೆಳಗೆ ಬರುತ್ತದೆ. 100 ಮೈಕ್ರಾನಿನದಕ್ಕೆ ಹತ್ತು ಸೆಕೆಂಡು ಬೇಕು. 20 ಮೈಕ್ರಾನಿನದು ನಾಲ್ಕು ನಿಮಿಷ ಗಾಳಿಯಲ್ಲೇ ತೇಲುತ್ತದೆ. ಗಂಟೆಗೆ ಐದು ಕಿಲೋಮೀಟರಿನ ಸಣ್ಣ ಗಾಳಿ ಇದ್ದರೂ ಆ 100 ಮೈಕ್ರಾನಿನ ಹನಿ ಬೀಳುವುದರೊಳಗೆ ನಲವತ್ತು ಅಡಿಗಿಂತ ಹೆಚ್ಚು ದೂರ ಹೋಗಿರುತ್ತದೆ. ನನ್ನ ಬಳ್ಳಿಗಳು ಇದ್ದದ್ದು ಅದರ ಅರ್ಧ ದೂರದಲ್ಲಿ.

ಇನ್ನೊಂದು ವಿಷಯವನ್ನು ನಾವು ಮರೆಯುತ್ತೇವೆ. ಸಣ್ಣ ಹನಿಗೆ ತೂಕ ಇಲ್ಲ, ಹಾಗಾಗಿ ಓಟವೂ ಇಲ್ಲ. ನಾಜಲ್‌ನಿಂದ ಎಷ್ಟೇ ರಭಸದಲ್ಲಿ ಹೊರಟರೂ ಒಂದೆರಡು ಅಡಿಯಲ್ಲಿ ಗಾಳಿ ಅದನ್ನು ತಡೆದು ನಿಲ್ಲಿಸುತ್ತದೆ. ನೆಲದಲ್ಲಿ ನಿಂತು ನಲವತ್ತು ಅಡಿ ಮೇಲಿನ ಅಡಿಕೆ ಕೊನೆಗೆ (ಕಾಯಿ ಗೊಂಚಲಿಗೆ) ಮಂಜಿನಂಥ ಹನಿಯನ್ನು ಎಸೆಯಲು ಯಾವ ಎಂಜಿನ್ನಿನಿಂದಲೂ ಆಗುವುದಿಲ್ಲ. ಕೆಳಗೆ ಗನ್ ವಿಷಯದಲ್ಲಿ ಇದು ಮತ್ತೆ ಬರುತ್ತದೆ.

ಹನಿಯ ಗಾತ್ರ ಯಾವುದರಿಂದ ಬದಲಾಗುತ್ತದೆ?

ನಾಜಲ್‌ನಿಂದ ನೀರು ಮೊದಲು ತೆಳು ಪರದೆಯಾಗಿ ಹೊರಬರುತ್ತದೆ. ಪರದೆ ಹರಿದು ಎಳೆಯಾಗುತ್ತದೆ, ಎಳೆ ತುಂಡಾಗಿ ಹನಿಯಾಗುತ್ತದೆ. ಪರದೆ ತೆಳುವಾದಷ್ಟೂ ಹನಿ ಸಣ್ಣದು. ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ.

ತೂತು ದೊಡ್ಡದಾದರೆ ಪರದೆ ದಪ್ಪ, ಹನಿ ದೊಡ್ಡದು. ನೀರು ಅಗಲವಾಗಿ ಹರಡಿದರೆ ಪರದೆ ತೆಳು. ಹಾಗಾಗಿ ಒಂದೇ ಹರಿವಿನ ಎರಡು ಫ್ಲಾಟ್ ಫ್ಯಾನ್ (ಬೀಸಣಿಗೆಯಂತೆ ಹರಡುವ) ನಾಜಲ್‌ಗಳಲ್ಲಿ 110 ಡಿಗ್ರಿಯದು 80 ಡಿಗ್ರಿಯದಕ್ಕಿಂತ ಸಣ್ಣ ಹನಿ ಕೊಡುತ್ತದೆ.

ಒತ್ತಡ ಏರಿಸಿದರೆ ಹನಿ ಸಣ್ಣದಾಗುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಒತ್ತಡ ಎರಡು ಪಟ್ಟಾದರೆ ಹನಿ ಅರ್ಧಕ್ಕೆ ಇಳಿಯುವುದಿಲ್ಲ, ಸ್ವಲ್ಪವೇ ಇಳಿಯುತ್ತದೆ. ಹಾರಿ ಹೋಗುವ ಪುಡಿ ಹನಿ ಮಾತ್ರ ಜಾಸ್ತಿಯಾಗುತ್ತದೆ. ಹರಿವು ಕೂಡ ಒತ್ತಡದಷ್ಟೇ ಏರುವುದಿಲ್ಲ. ಎರಡು ಪಟ್ಟು ಮದ್ದು ಬೇಕೆಂದರೆ ನಾಲ್ಕು ಪಟ್ಟು ಒತ್ತಡ ಬೇಕು. ಬೇಗ ಕೆಲಸ ಮುಗಿಸಲು ಎಕ್ಸಲರೇಟರ್ ಏರಿಸುವ ಬದಲು ಒಂದು ಅಳತೆ ದೊಡ್ಡ ನಾಜಲ್ ಹಾಕಿಕೊಳ್ಳುವುದು ಲೇಸು.

ಎತ್ತರದ ಲೆಕ್ಕವನ್ನು ಅಡಿಕೆಯವರು ತಲೆಯಲ್ಲಿಟ್ಟುಕೊಳ್ಳಬೇಕು. ಪ್ರತಿ ಹತ್ತು ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ ಒಂದು ಬಾರ್, ಅಂದರೆ ಸುಮಾರು ಒಂದು ಕೆಜಿ ಒತ್ತಡ ಕಳೆದುಹೋಗುತ್ತದೆ. ಅರವತ್ತು ಅಡಿ ಮೇಲೆ ನಾಜಲ್ ಇದ್ದರೆ 1.8 ಬಾರ್ ಬರೀ ಎತ್ತರಕ್ಕೆ ಹೋಯಿತು. ಉದ್ದ ಪೈಪಿನ ಒಳಗಿನ ತಿಕ್ಕಾಟಕ್ಕೆ ಇನ್ನಷ್ಟು. ಬೆನ್ನಿಗೆ ಹಾಕುವ ಬ್ಯಾಟರಿ ಪಂಪು ಕೊಡುವುದೇ ಮೂರು ನಾಲ್ಕು ಬಾರ್. ಅದನ್ನು ದೋಟಿಗೆ ಜೋಡಿಸಿದರೆ ತುದಿಯಲ್ಲಿ ಹನಿ ಒಡೆಯುವುದೇ ಇಲ್ಲ, ತೊಟ್ಟಿಕ್ಕುತ್ತದೆ. 'ನಾಜಲ್ ಸರಿ ಇಲ್ಲ' ಅಂತ ಬೈಯುವವರಲ್ಲಿ ಹೆಚ್ಚಿನವರ ಸಮಸ್ಯೆ ಇದೇ.

ಮದ್ದಿನ ಗುಣವೂ ಹನಿಯನ್ನು ಬದಲಿಸುತ್ತದೆ. ಸೋಪಿನ ನೀರಿನಂಥ ಅಂಟು-ಹರಡುವ ದ್ರಾವಣ ಬೆರೆಸಿದರೆ ನೀರಿನ ಬಿಗಿ ಸಡಿಲವಾಗುತ್ತದೆ, ಸಾಮಾನ್ಯವಾಗಿ ಹನಿ ಸಣ್ಣದಾಗುತ್ತದೆ. ಬೇವಿನೆಣ್ಣೆಯಂಥ ಎಣ್ಣೆ ಬೆರೆತ ಮದ್ದಿನಲ್ಲಿ ಪರದೆ ಬೇಗ ತೂತು ಬಿದ್ದು ಹರಿಯುತ್ತದೆ, ಆಗ ಹನಿ ಸ್ವಲ್ಪ ದೊಡ್ಡದೇ ಆಗುತ್ತದೆ. ಅದೇ ನಾಜಲ್, ಅದೇ ಒತ್ತಡ, ಆದರೂ ಹನಿ ಬೇರೆ. ಮದ್ದು ಬದಲಿಸಿದ ದಿನ ಒಮ್ಮೆ ನೋಡಿಕೊಳ್ಳಿ.

ಸವೆತದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಬೋರ್ಡೋದಲ್ಲಿ ಸುಣ್ಣ ಇದೆ. ಸುಣ್ಣದ ಕಣ ಮರಳು ಕಾಗದದ ಹಾಗೆ ತೂತನ್ನು ಉಜ್ಜುತ್ತದೆ. ತೂತು ದೊಡ್ಡದಾಗುತ್ತದೆ, ಅಂಚು ಸೊಟ್ಟಗಾಗುತ್ತದೆ. ಹನಿ ದಪ್ಪವಾಗಿ ಒಂದೇ ಪಕ್ಕಕ್ಕೆ ಬೀಳುತ್ತದೆ. ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಹಿತ್ತಾಳೆ ನಾಜಲ್ ಗಟ್ಟಿ ಅಂತ ನಾವು ನಂಬಿದ್ದೇವೆ, ನಿಜವಾಗಿ ಅದು ಬೇಗ ಸವೆಯುವ ಜಾತಿ. ಸ್ಟೀಲ್ ಅದಕ್ಕಿಂತ ಬಾಳಿಕೆ ಬರುತ್ತದೆ. ಸೆರಾಮಿಕ್ ಇವೆಲ್ಲಕ್ಕಿಂತ ಬಹಳ ಹೆಚ್ಚು. ವರ್ಷಕ್ಕೆ ಎರಡು ಮೂರು ಸಲ ಸುಣ್ಣದ ಮದ್ದು ಹೊಡೆಯುವವರಿಗೆ ಸೆರಾಮಿಕ್ ತುದಿಯ ನಾಜಲ್‌ಗೆ ಕೊಟ್ಟ ದುಡ್ಡು ವ್ಯರ್ಥವಲ್ಲ.

ಪರೀಕ್ಷೆ ಸುಲಭ. ಹೊಸ ನಾಜಲ್ ತಂದ ದಿನವೇ ಒಂದು ನಿಮಿಷ ನೀರು ಬಿಟ್ಟು ಅಳತೆ ಪಾತ್ರೆಯಲ್ಲಿ ಹಿಡಿದು ಬರೆದಿಡಿ. ಮುಂದಿನ ವರ್ಷ ಅದೇ ಒತ್ತಡದಲ್ಲಿ ಮತ್ತೆ ಹಿಡಿಯಿರಿ. ನೂರಕ್ಕೆ ಹತ್ತರಷ್ಟು ಜಾಸ್ತಿ ಬಂದರೆ ಅದನ್ನು ಎಸೆಯುವ ಕಾಲ ಬಂತು. ತೂತು ಕಟ್ಟಿಕೊಂಡರೆ ತಂತಿ, ಸೂಜಿ ಹಾಕಿ ಚುಚ್ಚಬೇಡಿ. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಬಾಯಿಟ್ಟು ಊದಲೇಬೇಡಿ.

ಇನ್ನು ಹವಾಮಾನ. ಒಣ ಬಿಸಿಲಿನಲ್ಲಿ ಹೊರಟ ಹನಿ ದಾರಿಯಲ್ಲೇ ಆರಿ ಇನ್ನೂ ಸಣ್ಣದಾಗುತ್ತದೆ. ಕರಾವಳಿಯಲ್ಲಿ ಬೇಸಿಗೆ ಮಧ್ಯಾಹ್ನ ಕಡಲ ಗಾಳಿ ಏಳುತ್ತದೆ, ಅದಕ್ಕೆ ಮುಂಚೆ ಮುಗಿಸಬೇಕು. ಘಟ್ಟದ ಮೇಲೆ ನಮ್ಮ ತೋಟಗಳೆಲ್ಲ ಕಣಿವೆಯಲ್ಲಿ. ಚಳಿಗಾಲದ ಬೆಳಿಗ್ಗೆ ತಣ್ಣಗಿನ ಗಾಳಿ ತಳದಲ್ಲಿ ಕೂತಿರುತ್ತದೆ, ಮೇಲೆ ಬೆಚ್ಚಗಿನ ಗಾಳಿ ಮುಚ್ಚಳ ಹಾಕಿರುತ್ತದೆ. ಒಂದು ಎಲೆಯೂ ಅಲುಗುವುದಿಲ್ಲ. ಆ ಹೊತ್ತಿಗೆ ಪುಡಿ ಹನಿ ಕೆಳಗೂ ಬೀಳದೆ, ಮೇಲೂ ಹೋಗದೆ ಅಡ್ಡಡ್ಡ ತೇಲುತ್ತದೆ. ನಾನು 'ಗಾಳಿ ಇಲ್ಲ' ಅಂತ ಹೊರಟದ್ದು ಇಂಥದ್ದೇ ಬೆಳಿಗ್ಗೆ. ಈಗ ಮೊದಲು ಬಚ್ಚಲ ಒಲೆಯ ಹೊಗೆ ನೋಡುತ್ತೇನೆ. ಹೊಗೆ ಮೇಲೇರಿ ಚದುರಿದರೆ ಸರಿ. ಪದರವಾಗಿ ಮಲಗಿದರೆ ಬಿಸಿಲು ಸ್ವಲ್ಪ ಏರಲಿ ಅಂತ ಕಾಯುತ್ತೇನೆ.

ಈಗ ಒಂದೊಂದೇ ನಾಜಲ್

ಹಾಲೋ ಕೋನ್. ಒಳಗೆ ನೀರನ್ನು ಸುತ್ತಿಸುವ ಬಿಲ್ಲೆ ಇರುತ್ತದೆ. ಬೀಳುವಾಗ ಬಳೆಯ ಆಕಾರ, ನಡುವೆ ಖಾಲಿ. ಸಣ್ಣ ಹನಿ, ಬೇರೆ ಬೇರೆ ಕೋನದಿಂದ ಎಲೆಯ ಸಂದಿಗೆ ನುಗ್ಗುತ್ತದೆ. ಕೀಟ ಮತ್ತು ರೋಗದ ಮದ್ದಿಗೆ ಇದೇ ಮೊದಲ ಆಯ್ಕೆ. ದೂರ ಹೋಗದಿರುವುದು ಮತ್ತು ಬೇಗ ಹಾರುವುದು ಇದರ ದೋಷ. ಕಳೆ ಮದ್ದಿಗೆ ಬೇಡವೇ ಬೇಡ.

ಫ್ಲಾಟ್ ಫ್ಯಾನ್. ಬೀಸಣಿಗೆಯಂತೆ ಚಪ್ಪಟೆಯಾಗಿ ಬೀಳುತ್ತದೆ. ನೆಲದ ಮೇಲೆ, ಸಮನಾದ ಪೈರಿನ ಮೇಲೆ ಒಂದೇ ಹದದಲ್ಲಿ ಹರಡಲು ಒಳ್ಳೆಯದು. ಒಂದರಿಂದ ಎರಡು ಬಾರ್ ಒತ್ತಡದಲ್ಲಿ ಮಧ್ಯಮ ಅಥವಾ ದೊಡ್ಡ ಹನಿ, ನಾಲ್ಕಕ್ಕೆ ಏರಿಸಿದರೆ ಸಣ್ಣದು. ಒಂದೇ ನಾಜಲ್ ಕೊಳ್ಳುವ ಶಕ್ತಿ ಇರುವವರು ಇದನ್ನು ಕೊಂಡು ಒತ್ತಡದಲ್ಲಿ ಆಟವಾಡಬಹುದು. ಎಲ್ಲದಕ್ಕೂ ಹೊಂದುತ್ತದೆ, ಯಾವುದಕ್ಕೂ ಶ್ರೇಷ್ಠವಲ್ಲ.

ಒಳ್ಳೆಯ ಕಂಪನಿಗಳ ಫ್ಲಾಟ್ ಫ್ಯಾನ್‌ಗೆ ಬಣ್ಣದ ಗುರುತು ಇರುತ್ತದೆ. ಅದು ಜಗತ್ತಿನಾದ್ಯಂತ ಒಂದೇ. ಮೂರು ಬಾರ್ ಒತ್ತಡದಲ್ಲಿ ಕಿತ್ತಳೆ ನಿಮಿಷಕ್ಕೆ 0.4 ಲೀಟರ್, ಹಸಿರು 0.6, ಹಳದಿ 0.8, ನೀಲಿ 1.2, ಕೆಂಪು 1.6. ಅಂಗಡಿಯಲ್ಲಿ ಚೀಲದಲ್ಲಿ ಸುರಿದಿಟ್ಟ ಅಗ್ಗದ ನಾಜಲ್‌ಗಳ ಬಣ್ಣ ನಂಬಬೇಡಿ, ಅವು ಚಂದಕ್ಕೆ ಹಾಕಿದ ಬಣ್ಣ.

ಫ್ಲಡ್ ಜೆಟ್. ಕಳೆ ಮದ್ದಿಗೆ ನಾನು ಈಗ ಬಳಸುವುದು ಇದನ್ನೇ. ನೀರು ಒಂದು ತಡೆಗೆ ಬಡಿದು ಅಗಲವಾಗಿ, ದಪ್ಪ ಹನಿಯಾಗಿ ಬೀಳುತ್ತದೆ. ಒಂದು ಬಾರ್ ಆಸುಪಾಸಿನ ಒತ್ತಡ ಸಾಕು. ನೀರು ಜಾಸ್ತಿ ಬೇಕು, ಅಂಚಿನಲ್ಲಿ ಹೆಚ್ಚು ಕಡಿಮೆ ಬೀಳುತ್ತದೆ. ಆದರೆ ಪಕ್ಕದ ಬಳ್ಳಿಗೆ ಹೋಗುವುದು ತೀರಾ ಕಡಿಮೆ. ಬೆಲೆಯೂ ಅಗ್ಗ. ನಾಜಲ್ ಸುತ್ತ ಪ್ಲಾಸ್ಟಿಕ್ಕಿನ ಮುಚ್ಚಳದಂಥ ಗುರಾಣಿ ಸಿಕ್ಕರೆ ಅದನ್ನೂ ಹಾಕಿ.

ಏರ್ ಇಂಡಕ್ಷನ್. ಪಕ್ಕದ ಸಣ್ಣ ತೂತಿನಿಂದ ಗಾಳಿ ಎಳೆದುಕೊಂಡು, ಒಳಗೆ ಗುಳ್ಳೆ ತುಂಬಿದ ದೊಡ್ಡ ಹನಿ ಕೊಡುತ್ತದೆ. ಹಾರುವುದು ಕಡಿಮೆ. ಆದರೆ ಒತ್ತಡ ಎರಡು ಬಾರ್‌ಗಿಂತ ಕೆಳಗಿಳಿದರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೈಯಿಂದ ಒತ್ತುವ ಪಂಪಿಗೆ ತಂದರೆ ದುಡ್ಡು ದಂಡ.

ಹೈ ಜೆಟ್ ಗನ್. ಎಚ್‌ಟಿಪಿ ಪಂಪಿಗೆ ಜೋಡಿಸುವ, ತಿರುಪಿದರೆ ಮಂಜಿನಿಂದ ಧಾರೆಯವರೆಗೆ ಬದಲಾಗುವ ಗನ್. ಪಂಪು ಇಪ್ಪತ್ತು ಮೂವತ್ತು ಕೆಜಿ ಒತ್ತಡ ಕೊಡುತ್ತದೆ ಅಂದಾಗ ಎಲ್ಲರಿಗೂ ಹನಿ ಸಣ್ಣ ಬರುತ್ತದೆ ಅನಿಸುತ್ತದೆ. ಮಂಜಿಗೆ ತಿರುಪಿದರೆ ಹೌದು, ಆದರೆ ಅದು ಹತ್ತು ಹನ್ನೆರಡು ಅಡಿ ದಾಟುವುದಿಲ್ಲ. ಮೇಲೆ ಮುಟ್ಟಬೇಕೆಂದರೆ ಧಾರೆ ಮಾಡಲೇಬೇಕು. ಧಾರೆ ಅಂದರೆ ದೊಡ್ಡ ಹನಿ. ಅಡಿಕೆ ಕಾಯಿಯ ಮೇಲ್ಮೈ ನುಣುಪು, ದೊಡ್ಡ ಹನಿ ಅದರ ಮೇಲೆ ನಿಲ್ಲದೆ ಜಾರುತ್ತದೆ. ಕೊನೆಯ ಹೊರಗಿನ ಕಾಯಿ ತೊಳೆದಂತಾಗುತ್ತದೆ, ಒಳಗಿನ ಕಾಯಿಗೆ ಮುಟ್ಟುವುದಿಲ್ಲ. ಮರದ ಕೆಳಗೆ ನೆಲ ನೀಲಿಯಾಗುತ್ತದೆ.

ಹಾಗಂತ ಗನ್ ಬೇಡ ಅನ್ನುವುದಿಲ್ಲ. ಹತ್ತು ಹನ್ನೆರಡು ವರ್ಷದ ಒಳಗಿನ ಗಿಡ್ಡ ತೋಟ, ಗೇರು, ದೊಡ್ಡ ಮಾವಿನ ಮರ, ಇವಕ್ಕೆ ಗನ್ ಬೇಗ ಕೆಲಸ ಮಾಡುತ್ತದೆ. ಗೇರಿನ ಟೀ ಸೊಳ್ಳೆಗೆ ಚಿಗುರು, ಹೂ, ಕಾಯಿ ಕಟ್ಟುವ ಹಂತದಲ್ಲಿ ಮೂರು ಸಲ ಹೊಡೆಯಬೇಕಾದಾಗ, ಗುಡ್ಡದ ಮೇಲೆ ಬೆನ್ನಿಗೆ ಪಂಪು ಹೊತ್ತು ತಿರುಗುವುದು ಯಾರಿಗೂ ಸುಲಭ ಅಲ್ಲ.

ಡ್ರೋನ್. ಇದು ಎಕರೆಗೆ ಹತ್ತು ಲೀಟರ್ ಆಸುಪಾಸಿನ ಮದ್ದಿನಲ್ಲಿ ಕೆಲಸ ಮುಗಿಸುತ್ತದೆ. ಅಷ್ಟು ಕಡಿಮೆ ನೀರಿನಲ್ಲಿ ಎಲ್ಲ ಕಡೆ ಚುಕ್ಕೆ ಬೀಳಬೇಕೆಂದರೆ ಹನಿ ಸಣ್ಣದೇ ಆಗಬೇಕು. ಕೆಲವು ಡ್ರೋನ್‌ಗಳಲ್ಲಿ ನಾಜಲ್ ಬದಲು ತಿರುಗುವ ಬಿಲ್ಲೆ ಇರುತ್ತದೆ, ಅದು ಜೋರಾಗಿ ತಿರುಗಿದಷ್ಟೂ ಹನಿ ಸಣ್ಣ. ರೆಕ್ಕೆಯ ಗಾಳಿ ಹನಿಯನ್ನು ಕೆಳಗೆ ತಳ್ಳುತ್ತದೆ, ಆದರೆ ಎತ್ತರ ಹಾರಿದರೆ ಆ ಬಲ ಉಳಿಯುವುದಿಲ್ಲ. ಭತ್ತದ ಎಲೆಯ ಮೇಲಿನ ತೊಂದರೆಗೆ ಇದು ಚೆನ್ನಾಗಿ ಆಗುತ್ತದೆ. ಕಂದು ಜಿಗಿಹುಳು ಕೂರುವುದು ಬುಡದಲ್ಲಿ. ಒತ್ತಾಗಿ ಬೆಳೆದ ಗದ್ದೆಯಲ್ಲಿ ಮೇಲಿನಿಂದ ಬಿದ್ದ ಹನಿ ಬುಡಕ್ಕೆ ಹೋಗುವುದು ಕಷ್ಟ. ಅದಕ್ಕೆ ಪೈರನ್ನು ಸರಿಸಿ, ಕೋನ್ ನಾಜಲ್ಲನ್ನು ಬುಡಕ್ಕೆ ತಿರುಗಿಸಿ ಹೊಡೆಯುವುದೇ ದಾರಿ.

ಡ್ರೋನ್ ಸಿಂಪಡಣೆಗೆ ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ನಿಯಮಗಳನ್ನು ಹೊರಡಿಸಿದೆ. ಕಾರವಾರದವರು ಇನ್ನೊಂದು ನೋಡಿಕೊಳ್ಳಬೇಕು. ಕದಂಬ ನೌಕಾನೆಲೆ ಮತ್ತು ಕೈಗಾ ಅಣುಸ್ಥಾವರದ ಸುತ್ತ ಡ್ರೋನ್ ಹಾರಾಟಕ್ಕೆ ನಿರ್ಬಂಧ ಇದೆ. ಬಾಡಿಗೆಗೆ ಕರೆಸುವ ಮೊದಲು ನಿಮ್ಮ ಗದ್ದೆ ಎಲ್ಲಿ ಬರುತ್ತದೆ ಅಂತ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನೋಡಿ.

ಕೊಳೆ ಮದ್ದು: ಹತ್ತುವುದಾ, ಗನ್ನಾ, ದೋಟಿಯಾ?

ನಮ್ಮ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲೆ ಅತಿ ಹೆಚ್ಚು ದುಡ್ಡು ಮತ್ತು ಚಿಂತೆ ಹೋಗುವುದು ಇಲ್ಲಿ. ಕೊಳೆ ರೋಗಕ್ಕೆ ಫೈಟಾಫ್ತೊರಾ ಅನ್ನುವ ಶಿಲೀಂಧ್ರದಂಥ ಜೀವಿ ಕಾರಣ. ಮೈಸೂರು ಸಂಸ್ಥಾನದಲ್ಲಿದ್ದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ 1910ರಲ್ಲೇ ಇದರ ಬಗ್ಗೆ ಬರೆದಿದ್ದರು. ಮದ್ದು ಅಂದಿನಿಂದ ಇಂದಿಗೂ ಹೆಚ್ಚು ಬದಲಾಗಿಲ್ಲ: ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, 40ರಿಂದ 45 ದಿನದ ಮೇಲೆ ಇನ್ನೊಂದು ಸಲ. ಮಳೆ ಬಿಡದಿದ್ದರೆ ಮೂರನೆಯದು. ಮದ್ದು ಬದಲಾಗದಿದ್ದರೂ ಅದನ್ನು ಕೊನೆಗೆ ಮುಟ್ಟಿಸುವ ದಾರಿ ಬದಲಾಗಿದೆ.

ಕೊನೆಗೌಡ (ಅಡಿಕೆ ಮರ ಹತ್ತುವ ಕೆಲಸದವ) ಮರ ಹತ್ತಿ ಹೊಡೆದರೆ ನಾಜಲ್ ಕೊನೆಯಿಂದ ಎರಡು ಮೂರು ಅಡಿ ದೂರದಲ್ಲಿರುತ್ತದೆ. ಸಣ್ಣ ಹನಿಯ ಕೋನ್ ನಾಜಲ್ ಹಾಕಬಹುದು. ಕೊನೆಯನ್ನು ಎಲ್ಲ ಕಡೆಯಿಂದ ನೋಡಿ ಹೊಡೆಯಬಹುದು. ಮದ್ದು ಕೂರುವ ಲೆಕ್ಕದಲ್ಲಿ ಇದನ್ನು ಮೀರಿಸಿದ್ದು ಇಲ್ಲ. ಆದರೆ ಆ ಹನಿಯ ನಡುವೆಯೇ ಮನುಷ್ಯ ಕೂತಿರುತ್ತಾನೆ. ನಮ್ಮ ತೋಟಕ್ಕೆ ಬರುವ ಗೌಡರು ಒಮ್ಮೆ ಇಳಿದು ಬಂದು ಹೇಳಿದರು: 'ಭಟ್ರೇ, ಈ ನಾಜಲ್ ಮಂಜು ಬಿಟ್ಟಂಗೆ ಬಿಡ್ತದೆ, ಕಣ್ಣು ಬಿಡೂಕೆ ಆಗ್ತಿಲ್ಲೆ.' ಅವತ್ತು ನಾನು ತುದಿ ಬದಲಿಸಿ ಒಂದು ಅಳತೆ ದೊಡ್ಡದು ಹಾಕಿದೆ, ಒತ್ತಡ ಇಳಿಸಿದೆ. ಅವರ ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಕೊಡುವುದು ತೋಟದ ಯಜಮಾನನ ಕೆಲಸ. ಒದ್ದೆ ಮರದ ಜಾರಿಕೆ ಬೇರೆ. ಹತ್ತುವವರು ಸಿಗುವುದೂ ವರ್ಷ ವರ್ಷಕ್ಕೆ ಕಷ್ಟವಾಗುತ್ತಿದೆ.

ಗನ್ನಿನ ಕತೆ ಮೇಲೆ ಹೇಳಿದೆ. ಬೇಗ ಆಗುತ್ತದೆ, ಇಬ್ಬರೇ ಸಾಕು. ಹಳೆಯ ಎತ್ತರದ ತೋಟದಲ್ಲಿ ಮದ್ದು ಪೋಲಾಗುತ್ತದೆ, ಒಳಗಿನ ಕಾಯಿ ಉಳಿದುಹೋಗುತ್ತದೆ. ಮಳೆ ಹೊಳವಾದ ಎರಡೇ ದಿನದಲ್ಲಿ ಮುಗಿಸಲೇಬೇಕು, ಬೇರೆ ದಾರಿ ಇಲ್ಲ ಅಂದಾಗ ಗನ್ ಹಿಡಿಯಿರಿ. ಆಗಲೂ ಒಂದೇ ಕಡೆಯಿಂದ ಹೊಡೆಯದೆ ಮರದ ಎರಡೂ ಪಕ್ಕದಿಂದ ಹೊಡೆಯಿರಿ.

ಕಾರ್ಬನ್ ಫೈಬರ್ ದೋಟಿಯ ಗುಣ ಇಷ್ಟೇ: ಮನುಷ್ಯ ನೆಲದಲ್ಲಿ, ನಾಜಲ್ ಕೊನೆಯ ಹತ್ತಿರ. ನಾಜಲ್ ಹತ್ತಿರ ಇರುವುದರಿಂದ ಧಾರೆ ಬೇಡ, ಸಣ್ಣ ಅಥವಾ ಮಧ್ಯಮ ಹನಿಯ ಕೋನ್ ಸಾಕು. ಅದಕ್ಕೆ ನಾನು ಐವತ್ತು ಅರವತ್ತು ಅಡಿಯ ತೋಟಕ್ಕೆ ದೋಟಿಯನ್ನೇ ಹೇಳುತ್ತೇನೆ. ಕಷ್ಟಗಳೂ ಇವೆ. ಹತ್ತಾರು ಸಾವಿರ ರೂಪಾಯಿ ಬೇಕು. ಕುತ್ತಿಗೆ, ತೋಳು ನೋಯುತ್ತದೆ, ಪಳಗಲು ಒಂದು ಹಂಗಾಮು ಹಿಡಿಯುತ್ತದೆ. ಗಾಳಿ ಬೀಸಿದರೆ ತುದಿ ತೂಗಾಡುತ್ತದೆ. ಇಂಗಾಲದ ದೋಟಿ ವಿದ್ಯುತ್ ಹರಿಯಬಿಡುತ್ತದೆ, ತೋಟದ ಮೇಲೆ ಕರೆಂಟ್ ತಂತಿ ಹೋಗಿದ್ದರೆ ಆ ಸಾಲಿಗೆ ದೋಟಿ ಎತ್ತಲೇಬೇಡಿ.

ದೋಟಿಯವರಿಗೆ ಎರಡು ಮಾತು. ತುದಿಗೆ ನಾಲ್ಕು ಬಾಯಿಯ ನಾಜಲ್ ಹಾಕಿದರೆ ಒತ್ತಡ ಹಂಚಿಹೋಗಿ ಹನಿ ಒಡೆಯದೆ ಹೋಗಬಹುದು. ಎರಡು ಬಾಯಿಯಿಂದ ಶುರು ಮಾಡಿ. ಸುಣ್ಣವನ್ನು ಹಳೆಯ ಪಂಚೆಯಲ್ಲಿ ಎರಡು ಸಲ ಸೋಸಿಕೊಳ್ಳಿ. ಅರವತ್ತು ಅಡಿ ಮೇಲೆ ನಾಜಲ್ ಕಟ್ಟಿಕೊಂಡರೆ ಪ್ರತಿ ಸಲ ದೋಟಿ ಇಳಿಸಬೇಕಾಗುತ್ತದೆ.

ಅರ್ಧ ಎಕರೆ ತೋಟದವರು ದೋಟಿ ಕೊಳ್ಳುವ ಅಗತ್ಯ ಇಲ್ಲ. ಅಕ್ಕಪಕ್ಕದ ನಾಲ್ಕು ಮನೆ ಸೇರಿ ಒಂದು ತಂದುಕೊಳ್ಳಿ, ಅಥವಾ ದೋಟಿ ಇರುವವರಿಂದ ಹೊಡೆಸಿ. ನಾಜಲ್ ತುದಿ ಮಾತ್ರ ನಿಮ್ಮದೇ ಇರಲಿ. ಸವೆದ ತುದಿ ಹಾಕಿಕೊಂಡು ಬಂದವರಿಗೆ 'ಇದು ಹಾಕಿ' ಅಂತ ಕೊಡಬಹುದು.

ಗದ್ದೆ, ಮಾವು, ಈರುಳ್ಳಿ

ಅಂಕೋಲೆಯ ಕರಿ ಇಷಾಡಿನಂಥ ಮಾವಿಗೆ ಹೂ ಬಿಡುವ ಹೊತ್ತಿಗೆ ಜಿಗಿಹುಳು ಮತ್ತು ಬೂದಿ ರೋಗ. ಹೂಗೊಂಚಲಿನ ಒಳಗೆ ಹನಿ ಹೋಗಬೇಕು, ಹೂ ಉದುರಬಾರದು. ಸಣ್ಣ ಹನಿಯ ಕೋನ್, ಉದ್ದದ ಲ್ಯಾನ್ಸ್ (ನಾಜಲ್ ಕೂರಿಸುವ ಕೊಳವೆ). ಗನ್ನಿನ ಧಾರೆಯನ್ನು ಹೂವಿಗೆ ನೇರ ಹಿಡಿಯಬೇಡಿ. ಜೇನು ಹಾರುವ ಹೊತ್ತು ಬಿಟ್ಟು ಸಂಜೆ ಹೊಡೆಯಿರಿ. ಹೂವಿಗೆ ಬರುವ ಜೇನು ಉಳಿದರೆ ತಾನೇ ಕಾಯಿ?

ಕುಮಟಾದ ಸಿಹಿ ಈರುಳ್ಳಿ ಬೆಳೆಯುವವರ ಕಷ್ಟ ಬೇರೆ. ಈರುಳ್ಳಿ ಎಲೆ ನೆಟ್ಟಗೆ ನಿಂತಿರುತ್ತದೆ, ಮೇಲೆ ಮೇಣ. ದೊಡ್ಡ ಹನಿ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಉರುಳಿ ಹೋಗುತ್ತದೆ. ಸಣ್ಣ ಹನಿ, ಜೊತೆಗೆ ಅಂಟು ದ್ರಾವಣ ಬೇಕು. ಬ್ಯಾಟರಿ ಪಂಪು, ಕೋನ್ ನಾಜಲ್, ಮೂರು ಬಾರ್. ಇಷ್ಟೇ ಸಾಕು, ಹೆಚ್ಚು ಖರ್ಚು ಬೇಡ.

ಅಘನಾಶಿನಿ ದಂಡೆಯ ಗಜನಿ ಗದ್ದೆಯ (ಉಪ್ಪುನೀರು ಬರುವ ಗದ್ದೆಯ) ಹತ್ತಿರ ಯಾರಾದರೂ ಮದ್ದು ಹೊಡೆಯುವುದಿದ್ದರೆ ದೊಡ್ಡ ಹನಿ, ಕಡಿಮೆ ಒತ್ತಡ, ನೀರಿನ ಕಡೆಗೆ ಗಾಳಿ ಇಲ್ಲದ ಹೊತ್ತು. ತಾಮ್ರದ ಮದ್ದು ಮೀನಿಗೆ ವಿಷ. ಆ ನೀರಿನಲ್ಲಿ ಬಳಚು (ಚಿಪ್ಪಿನ ಜೀವಿ) ಹೆಕ್ಕಿ ಬದುಕುವ ಮನೆಗಳಿವೆ.

ದುಡ್ಡಿನ ಲೆಕ್ಕ

ಪ್ಲಾಸ್ಟಿಕ್ ನಾಜಲ್ ಹತ್ತಾರು ರೂಪಾಯಿಗೆ ಸಿಗುತ್ತದೆ. ಸೆರಾಮಿಕ್ ತುದಿಯದು ನೂರರ ಲೆಕ್ಕ. ಎಚ್‌ಟಿಪಿ, ದೋಟಿ ಸಾವಿರದ ಲೆಕ್ಕ. ಡ್ರೋನ್ ಲಕ್ಷದ ಲೆಕ್ಕ, ಅದು ಬಾಡಿಗೆಗೇ ಸರಿ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಹಳೆಯ ಪಂಪನ್ನೇ ಇಟ್ಟುಕೊಂಡು ಮೂರು ನಾಜಲ್ ತನ್ನಿ: ಕೋನ್ ಒಂದು, ಫ್ಲಾಟ್ ಫ್ಯಾನ್ ಒಂದು, ಕಳೆ ಮದ್ದಿಗೆ ಫ್ಲಡ್ ಜೆಟ್ ಒಂದು. ಕಳೆ ಮದ್ದಿಗೆ ಆದರೆ ಪಂಪೂ ಬೇರೆ ಇರಲಿ. ತೊಳೆದರೂ ಉಳಿಯುವ ಅಂಶ ಮುಂದಿನ ಬೆಳೆಗೆ ಕಂಟಕ.

ಸ್ವಲ್ಪ ಹೆಚ್ಚು ಇದ್ದರೆ ಒತ್ತಡ ತೋರಿಸುವ ಮೀಟರ್ ಒಂದನ್ನು ನಾಜಲ್ ಹತ್ತಿರವೇ ಹಾಕಿಸಿಕೊಳ್ಳಿ. ಪಂಪಿನ ಹತ್ತಿರದ ಮೀಟರ್ ತುದಿಯ ಒತ್ತಡ ಹೇಳುವುದಿಲ್ಲ.

ಹೊಸ ನಾಜಲ್ ತಂದ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿ. ನೀರು ತಾಗಿದರೆ ನೀಲಿಯಾಗುವ ಹಳದಿ ಕಾಗದ ಸಿಗುತ್ತದೆ, ಆದರೆ ನಮಗೆ ಅದು ಬೇಕಿಲ್ಲ. ಒಣಗಿದ ಅಡಿಕೆ ಹಾಳೆಯ ನಾಲ್ಕು ತುಂಡನ್ನು ದೋಟಿಯಲ್ಲೇ ಕೊನೆಯ ಹತ್ತಿರ ಸಿಕ್ಕಿಸಿ. ಒಂದು ಎದುರಿಗೆ, ಒಂದು ಹಿಂದೆ, ಎರಡು ಪಕ್ಕಕ್ಕೆ. ಎಂದಿನಂತೆ ಬೋರ್ಡೋ ಹೊಡೆದು, ಒಣಗಿದ ಮೇಲೆ ಇಳಿಸಿ ನೋಡಿ. ನೀಲಿ ಚುಕ್ಕೆಗಳು ಒತ್ತಾಗಿದ್ದು, ಎರಡರ ನಡುವೆ ಬೆಂಕಿಕಡ್ಡಿ ತಲೆಯಷ್ಟೇ ಜಾಗ ಇದ್ದರೆ ನಾಜಲ್ ಸರಿ. ಚುಕ್ಕೆ ಸೇರಿ ಗೆರೆಯಾಗಿ ಹರಿದಿದ್ದರೆ ಹನಿ ದೊಡ್ಡದಾಯಿತು ಅಥವಾ ಕೈ ಹೆಚ್ಚು ಹೊತ್ತು ನಿಂತಿತು. ಹಿಂದಿನ ತುಂಡು ಖಾಲಿ ಇದ್ದರೆ ನಿಲ್ಲುವ ಜಾಗ ಬದಲಿಸಿ, ಇನ್ನೊಂದು ಪಕ್ಕದಿಂದ ಹೊಡೆದು ಮತ್ತೆ ಇಳಿಸಿ ನೋಡಿ.